ಗಿರಣಿ ಮೇಲಿನ ಪ್ರೊಫೆಸರ್ ಸಾಹೇಬರು

ಟಿವಿಯಲ್ಲಿ ಮುಖ ಬಂದವನು ಎಷ್ಟು ದೊಡ್ಡವನೋ ನನಗೆ ಗೊತ್ತಿಲ್ಲ, ಆದರೆ ಅವನ ಪರಿಚಯದವನು ಮಾತ್ರ ಅವನಿಗಿಂತ ಒಂದು ಗೇಣು ಎತ್ತರವಾಗಿ ಓಡಾಡುತ್ತಾನೆ. ಇದು ನನ್ನ ಅನುಭವ. ನಮ್ಮ ಮಾಳಿಗೆ ಮೇಲೆ ಬಾಡಿಗೆಗಿರುವ ರಾಜ್ಯಶಾಸ್ತ್ರದ ಪ್ರೊಫೆಸರ್ ಸಾಹೇಬರು ಚುನಾವಣೆ ಚರ್ಚೆಗೆ ಮೊದಲ ಸಲ ಟಿವಿಯಲ್ಲಿ ಬಂದರು. ಮರುದಿನ ಅವರು ಎಂದಿನಂತೆ ಕೈಚೀಲ ಹಿಡಿದು ಕಾಯಿಪಲ್ಲೆ ತರಲು ಹೋದರೆ, ನಾನು ಇಸ್ತ್ರಿ ಅಂಗಿ ತೊಟ್ಟು ಹಿಟ್ಟಿನ ಗಿರಣಿ ತೆರೆದೆ. ಸ್ವಲ್ಪ ಹೊತ್ತಿಗೇ ನಾನೂ ನನ್ನ ಅಂಗಿಯೂ ಜೋಳದ ಹಿಟ್ಟಿನ ಬಣ್ಣಕ್ಕೆ ತಿರುಗಿದೆವು, ಆ ಮಾತು ಬೇರೆ. ಬಬಲೇಶ್ವರದ ಬಸ್ಸಿನಲ್ಲಿ ಪಕ್ಕಕ್ಕೆ ಕುಳಿತ ಗುರುತಿಲ್ಲದವನಿಗೂ “ಅವರು ನಮ್ಮ ಮನಿಯಾಗ ಇರ್ತಾರ್ರಿ” ಎಂದು ಹೇಳಿ, ಅವನು ನಿದ್ದೆ ಹೋದ ಮೇಲೂ ಹೇಳುತ್ತಲೇ ಇದ್ದೆ.

ಹೆಮ್ಮೆಪಡಲು ನನಗೆ ಹಕ್ಕಿದೆ. ಆರನೆಯ ಇಯತ್ತೆಗೆ ಸಾಲಿ ಬಿಟ್ಟು ಜೋರಾಪುರ ಪೇಟೆಯ ಈ ಗಿರಣಿಗೆ ನಿಂತವನು ನಾನು. ಮೇಲಿನ ಮಾಳಿಗೆ ನನ್ನ ದುಡಿಮೆಯಿಂದ ಎದ್ದದ್ದು. ಓದಿದವರೆಲ್ಲ ಜಲನಗರದ ಕಡೆ ಮನೆ ಹುಡುಕುವಾಗ ಇವರು ನನ್ನ ಮಾಳಿಗೆ ಹುಡುಕಿಕೊಂಡು ಬಂದರು. ಬಾಡಿಗೆ ಅಗ್ಗ ಎಂದು ಬಂದರು ಅನ್ನುತ್ತಾಳೆ ನನ್ನ ಹೆಂಡತಿ. ಅವಳಿಗೆ ರಾಜ್ಯಶಾಸ್ತ್ರ ತಿಳಿಯದು.

ತೊಂದರೆ ಒಂದೇ. ಚಾನೆಲ್‌ನವರು ಕರೆದಾಗ ಸಾಹೇಬರು ತಮ್ಮ ಕೋಣೆಯಲ್ಲೇ ಪುಸ್ತಕದ ಕಪಾಟಿನ ಮುಂದೆ ಕುಳಿತು ನೇರಪ್ರಸಾರದಲ್ಲಿ ಮಾತಾಡುತ್ತಾರೆ. ಕೆಳಗೆ ಗಿರಣಿ ಗುಡುಗಿದರೆ ಅವರ ಪ್ರಜಾಪ್ರಭುತ್ವ ಯಾರಿಗೂ ಕೇಳಿಸುವುದಿಲ್ಲ. ಹೀಗಾಗಿ ಅವರ ಚರ್ಚೆ ಮುಗಿಯುವವರೆಗೆ ಗಿರಣಿ ಬಂದ್. ಡಬ್ಬಿಗಳನ್ನು ಪಾಳಿಗೆ ಹಚ್ಚಿದ ಹೆಂಗಸರು ಗೊಣಗುತ್ತಿದ್ದರು. ಎಲ್ಲರಿಗಿಂತ ಜೋರು ಶಾಂತವ್ವ. ಖಡಕ್ ರೊಟ್ಟಿ ಮಾಡಿ ಮಾರುವವಳು, ಹಿಟ್ಟು ತಡವಾದರೆ ಅವಳ ಒಲೆಯೇ ತಡ.

“ನಿಮ್ಮ ಸಾಹೇಬ ಅಷ್ಟೊತ್ತು ಮಾತಾಡಿ ಕಡೀಕ ಏನ್ ಹೇಳ್ತಾನ? ಕಾದು ನೋಡಬೇಕು ಅಂತಾನ. ಇಲ್ಲಿ ಕಾದು ಕಾದು ನಾವು ನೋಡಾಕತ್ತಿಲ್ಲೇನು?” ಎಂದಳು.

ನನಗೆ ರೋಷ ಬಂತು. “ಇವತ್ತು ನೋಡ ಬೇ ಶಾಂತಕ್ಕ, ಯಾರು ಗೆಲ್ತಾರ ಅಂತ ನೆಟ್ಟಗ ಹೇಳ್ತಾರ. ಹೇಳಲಿಲ್ಲಂದ್ರ ಈ ತಿಂಗಳ ನಿನ್ನ ಜ್ವಾಳ ಪುಕ್ಕಟೆ ಬೀಸಿ ಕೊಡ್ತೇನಿ!”

“ಹೇಳಿದ್ರ?”

“ಹೇಳಿದ್ರ, ಗಿರಣಿ ಬಂದ್ ಇದ್ದಾಗೆಲ್ಲ ನಿನ್ನ ಬಾಯಿನೂ ಬಂದ್!”

ಹೆಂಗಸರು ಕಿಸಕ್ಕೆಂದರು. ನಾನು ಮೆಟ್ಟಿಲು ಹಾರಿ ಮೇಲೆ ಓಡಿದೆ. “ಸರ್, ಇವತ್ತರ ನೆಟ್ಟಗ ಹೇಳಿಬಿಡ್ರಿ. ನನ್ನ ಮರ್ಯಾದಿ ನಿಮ್ಮ ಕೈಯಾಗ ಐತ್ರಿ.” ಸಾಹೇಬರು ಕಾಲರ್ ಸರಿಮಾಡಿಕೊಳ್ಳುತ್ತ, “ನೋಡೂಣ್ರಿ, ಮಲ್ಲಪ್ಪಾರ” ಎಂದು ನಕ್ಕರು. ನಾನು ಅದನ್ನು ಒಪ್ಪಿಗೆ ಎಂದೇ ತಿಳಿದೆ.

ಚರ್ಚೆ ಶುರುವಾಯಿತು. ನನ್ನ ಮೊಬೈಲನ್ನು ಶಾಂತವ್ವನ ಡಬ್ಬಿಗೆ ಆನಿಸಿ ಎಲ್ಲರೂ ಸುತ್ತ ಕುಳಿತೆವು. ಸಾಹೇಬರು ಒಂದು ಕಡೆಯಿಂದ ನೋಡಿದರೆ ಹೀಗೆ, ಇನ್ನೊಂದು ಕಡೆಯಿಂದ ನೋಡಿದರೆ ಹಾಗೆ ಎನ್ನುತ್ತಿದ್ದರು. ಶಾಂತವ್ವ ನನ್ನ ಮುಖ ನೋಡುತ್ತ ತನ್ನ ಇನ್ನೊಂದು ಡಬ್ಬಿಯನ್ನೂ ಪಾಳಿಗೆ ಸರಿಸಿದಳು. ಅಷ್ಟರಲ್ಲಿ ನಿರೂಪಕಿ, “ಸರ್, ಒಂದೇ ಮಾತಿನಲ್ಲಿ ಹೇಳಿ, ಯಾರು ಗೆಲ್ಲುತ್ತಾರೆ?” ಎಂದು ಹಿಡಿದೇ ಬಿಟ್ಟಳು. ಸಾಹೇಬರು ಕನ್ನಡಕ ತೆಗೆದರು. ಮುಂದೆ ಬಾಗಿದರು. “ನೋಡಿ, ಸ್ಪಷ್ಟವಾಗಿ ಹೇಳುತ್ತೇನೆ...” ನಾನು ಆಗಲೇ ಗೆದ್ದವನಂತೆ ಶಾಂತವ್ವನ ಕಡೆ ತಿರುಗಿದೆ!

ಆ ಗಳಿಗೆಯಲ್ಲೇ ನಮ್ಮ ಹಿಂದೆ ಗಿರಣಿ ಭರ್ರೆಂದಿತು. ಟಿಕೋಟಾದ ದಸ್ತಗೀರಸಾಬ ಮಗಳ ಮನೆಗೆಂದು ಜೋಳದ ಚೀಲ ತಂದಿದ್ದ. ನಾನು ಜಾಗದಲ್ಲಿಲ್ಲದಿದ್ದರೆ ಹಳೆಯ ಗಿರಾಕಿಗಳು ತಾವೇ ಕಾಳು ಸುರಿದು ಗುಂಡಿ ಒತ್ತುವುದು ನಮ್ಮಲ್ಲಿ ರೂಢಿ. ಆ ಪುಣ್ಯಾತ್ಮ ಅದನ್ನೇ ಮಾಡಿದ್ದ. ನಾನು ಚಿಗರಿಯಂತೆ ಹಾರಿದೆ. ಕೆಂಪು ಗುಂಡಿ ಒತ್ತಿದ್ದರೆ ಸಾಕಿತ್ತು. ಆದರೆ ದಿನಾ ಗಿರಣಿ ಮುಚ್ಚುವಾಗ ಮೇನ್ ಸ್ವಿಚ್ ಜಗ್ಗಿ ರೂಢಿಯಾದ ಕೈ, ಅದನ್ನೇ ಜಗ್ಗಿತು. ಉಳಿತಾಯಕ್ಕೆಂದು ಮಾಳಿಗೆಗೂ ಗಿರಣಿಗೂ ಒಂದೇ ಮೀಟರ್ ಹಾಕಿಸಿದ ಜಾಣ ನಾನೇ. ಮೇಲೆ ದೀಪ, ಫ್ಯಾನು, ಇಂಟರ್‌ನೆಟ್ಟಿನ ಡಬ್ಬಿ ಎಲ್ಲವೂ ಠಪ್. ಮೊಬೈಲ್‌ನಲ್ಲಿ ಸಾಹೇಬರು ಬಾಯಿ ತೆರೆದವರು ತೆರೆದಂತೆಯೇ ನಿಂತರು. ನಿರೂಪಕಿ ಕ್ಷಮೆ ಕೇಳಿ ಬೇರೊಬ್ಬ ಪ್ರೊಫೆಸರರ ಕಡೆ ಹೋದಳು.

ನಾನು ಮೇನ್ ಸ್ವಿಚ್ ಮತ್ತೆ ಹಾಕಿ ಮೇಲೆ ಓಡಿ, “ಸರ್, ಏನ್ ಹೇಳಾಕ ಹೊಂಟಿದ್ರಿ?” ಎಂದೆ. ಸಾಹೇಬರು ಬೆವರು ಒರೆಸಿಕೊಂಡು, ಪರೀಕ್ಷೆ ಮುಂದಕ್ಕೆ ಹೋದ ವಿದ್ಯಾರ್ಥಿಯ ಮುಖದಲ್ಲಿ ನಕ್ಕು, “ಹೋತು ಬಿಡ್ರಿ, ಮಲ್ಲಪ್ಪಾರ” ಎಂದರು.

ಸಂಜೆಯೊಳಗೆ ಅವರು ಇನ್ನೂ ದೊಡ್ಡವರಾದರು. ಸಾರವಾಡದಿಂದ ಹೆಂಡತಿಯ ತಮ್ಮ ಫೋನು ಮಾಡಿ, “ಮಾವಾ, ಸಾಹೇಬ್ರು ಖರೇ ಹೇಳಾಕ ಹೊಂಟಿದ್ರಂತ, ಮ್ಯಾಲಿನವರು ಲೈನ್ ಕಟ್ ಮಾಡಿಸಿದ್ರಂತ?” ಎಂದ. “ಮ್ಯಾಲಿನವರಲ್ಲೋ ತಮ್ಮಾ, ಕೆಳಗಿನವ” ಎಂದೆ. ಅವನು ನಂಬಲಿಲ್ಲ.

ಕೈತಪ್ಪಿ ಜಗ್ಗಿದೆ ಎಂದರೆ ಶಾಂತವ್ವ ಕೂಡ ನಂಬಿರಲಿಲ್ಲ. ಸಾಹೇಬರ ಬಳಿಯಿಂದ ನಾನು ಇಳಿದು ಬಂದ ಕೂಡಲೇ ಅವಳು ತರಾಟೆಗೆ ತೆಗೆದುಕೊಂಡಿದ್ದಳು. “ಪುಕ್ಕಟೆ ಬೀಸಬೇಕಾಗತೈತಂತ ಬೇಕಂತನ ಜಗ್ಗಿದಿ. ಒಂದ ಮಾತಿನಾಗ ಹೇಳು ಮಲ್ಲಪ್ಪ, ಗೆದ್ದವರು ಯಾರು? ನಾನೋ, ನೀನೋ?”

ಡಬ್ಬಿಯ ಹಿಂದಿನ ಹೆಂಗಸರೆಲ್ಲ ನನ್ನನ್ನೇ ನೋಡುತ್ತಿದ್ದರು. ನಾನು ಕನ್ನಡಕ ತೆಗೆದು ಹಿಟ್ಟು ಒರೆಸಿದೆ.

“ನೋಡ ಬೇ ಶಾಂತಕ್ಕ, ಒಂದು ಕಡೆಯಿಂದ ನೋಡಿದ್ರ ಸಾಹೇಬ್ರು ಹೇಳಲಿಲ್ಲ, ಅಂದ್ರ ನೀ ಗೆದ್ದಿ. ಇನ್ನೊಂದು ಕಡೆಯಿಂದ ನೋಡಿದ್ರ ಹೇಳಾಕ ಬಾಯಿ ತಗದಿದ್ರು...”

ಮೂಲೆಯಲ್ಲಿ ಚೀಲದ ಮೇಲೆ ಕುಳಿತಿದ್ದ ದಸ್ತಗೀರಸಾಬ ಮೆಲ್ಲಗೆ ಎದ್ದು ಮೇನ್ ಸ್ವಿಚ್ಚಿಗೆ ಕೈ ಹಾಕಿದ.

“ಮಲ್ಲಪ್ಪಣ್ಣ, ಜಗ್ಗಲೇನು?”