ಸಾವಿರದ ಎಂಟುನೂರ ಅರವತ್ತೆರಡು ಮೀನು

"ಕೆರೆಯೊಳಗೆ ಎಷ್ಟು ಮೀನಿದೆ ಅಂತ ಒಂದೂ ತಪ್ಪದ ಹಾಗೆ ಎಣಿಸಿ ಬರೀತೀನಿ! 'ಸುಮಾರು' ಅನ್ನೋ ಹಾಳು ಮಾತು ಈ ಉಚ್ಚಂಗಪ್ಪನ ವರದೀಲಿ ಇರಂಗಿಲ್ಲ!"

ಸೊರಬದ ಬಾಡಿಗೆ ಮನೆಯಲ್ಲಿ, ಅಡುಗೆಮನೆಯ ಹೊಸ್ತಿಲ ಮೇಲೆ ನಿಂತು ಉಚ್ಚಂಗಪ್ಪ ಈ ಪ್ರತಿಜ್ಞೆ ಮಾಡಿದಾಗ ಅವನ ಹೆಂಡತಿ ಹುಲಿಯಮ್ಮ ರೊಟ್ಟಿ ತಟ್ಟುತ್ತಿದ್ದಳು. ತಟ್ಟುವ ಕೈ ನಿಲ್ಲಲಿಲ್ಲ. ಮದುವೆಯಾದ ಆರು ವರ್ಷಗಳಲ್ಲಿ ಇಂಥ ಭೀಷ್ಮಪ್ರತಿಜ್ಞೆಗಳನ್ನು ಅವಳು ಸಾಕಷ್ಟು ಕೇಳಿದ್ದಳು.

"ಮೀನೇನು ಇಸ್ಕೂಲ್ ಹುಡುಗ್ರೇನ್ರೀ? ಹೆಸರು ಕೂಗಿದ್ರೆ ಹಾಜರ್ ಸಾರ್ ಅಂತಾವಾ?"

"ಸರ್ಕಾರಿ ಕೆಲಸ ನಿಂಗೆ ತಿಳಿಯಂಗಿಲ್ಲ, ಸುಮ್ನಿರು."

"ಮೊದ್ಲು ಒಂದು ಜೀವಂತ ಮೀನು ನೋಡ್ರಿ. ಆಮೇಲೆ ಎಲ್ಲಾನೂ ಎಣಿಸೀರಂತೆ!"

ಈ ಮಾತು ಅವನಿಗೆ ಚುರುಕ್ಕೆಂದಿತು. ಉಚ್ಚಂಗಪ್ಪ ಶಿಕಾರಿಪುರ ಪೇಟೆಯಲ್ಲಿ ಹುಟ್ಟಿ ಬೆಳೆದವನು. ಊರಿನ ಹೆಸರಿನಲ್ಲೇ ಶಿಕಾರಿ ಇದ್ದರೂ ಮೀನನ್ನು ಅವನು ಸಾರಿನಲ್ಲಿ ಬಿಟ್ಟರೆ ಬೇರೆಲ್ಲೂ ಕಂಡವನಲ್ಲ.

ಆದರೆ ಪ್ರತಿಜ್ಞೆಗೆ ಕಾರಣವಿತ್ತು. ನಯಾಪೈಸೆ ಬಂದ ಮರುವರ್ಷದ ಬೇಸಿಗೆ ಅದು. ತಾಲ್ಲೂಕು ಕಚೇರಿಗೆ ಮೇಲಿನಿಂದ ಒಂದು ನಮೂನೆ ಬಂದಿತ್ತು: ಕೆರೆಯ ಹೆಸರು, ಅದರಲ್ಲಿರುವ ಮೀನಿನ ಜಾತಿ, ಮೀನುಗಳ ಸಂಖ್ಯೆ, ಗಾಳ ಹಾಕಿ ಹಿಡಿಯಲು ಇರುವ ಅವಕಾಶ. ಕಚೇರಿಯಲ್ಲಿ ಎಲ್ಲರೂ ಆ ಕಾಗದವನ್ನು ಒಬ್ಬರ ಮೇಜಿನಿಂದ ಇನ್ನೊಬ್ಬರ ಮೇಜಿಗೆ ತಳ್ಳಿ, ಕೊನೆಗೆ ಅದು ನಾಲ್ಕು ವರ್ಷದಿಂದ ಹಂಗಾಮಿ ಗುಮಾಸ್ತನಾಗಿಯೇ ಉಳಿದಿದ್ದ ಉಚ್ಚಂಗಪ್ಪನ ಮುಂದೆ ಬಂದು ಬಿತ್ತು. ಅಮಲ್ದಾರರು ಕನ್ನಡಕದ ಮೇಲಿನಿಂದ ನೋಡಿ, "ಇದನ್ನು ಸರಿಯಾಗಿ ಮಾಡಿ ತೋರಿಸಯ್ಯಾ. ನಿನ್ನನ್ನು ಕಾಯಂ ಮಾಡೋದಕ್ಕೆ ನಾನೇ ಬರೀತೀನಿ" ಎಂದಿದ್ದರು. ಕಾಯಂ! ಆ ಒಂದು ಶಬ್ದಕ್ಕಾಗಿ ಉಚ್ಚಂಗಪ್ಪ ಕೆರೆಯ ಮೀನೇನು, ಆಕಾಶದ ನಕ್ಷತ್ರಗಳನ್ನೂ ಎಣಿಸಿ ಮೂರು ಪ್ರತಿ ಮಾಡಿಡಲು ತಯಾರಿದ್ದ.

ರೊಟ್ಟಿಯನ್ನು ಹೆಂಚಿಗೆ ಹಾಕಿ ಹುಲಿಯಮ್ಮ ಹೇಳಿದಳು: "ಬರೋ ಸೋಮವಾರ ನಮ್ಮೂರ ಹಿರೇಕೆರೇಲಿ ಕೆರೆಬೇಟೆ ಐತೆ. ಬರ್ರಿ, ಕೆರೇಲಿ ಎಂಥೆಂಥಾ ಮೀನೈತೆ ಅಂತ ಕಣ್ಣಾರೆ ಕಾಣ್ತೀರಿ."

ಅವಳ ತವರು ಕೆಂಚಿಕೊಪ್ಪ, ಚಂದ್ರಗುತ್ತಿ ದಾರಿಯಲ್ಲಿರುವ ಸಣ್ಣ ಹಳ್ಳಿ. ಆ ಕಡೆಯ ಹಳ್ಳಿಗಳಲ್ಲಿ ವರ್ಷವಿಡೀ ಕೆರೆಗೆ ಯಾರೂ ಬಲೆ ಹಾಕುವಂತಿಲ್ಲ, ಗಾಳ ಇಳಿಸುವಂತಿಲ್ಲ. ಬೇಸಿಗೆಯಲ್ಲಿ ನೀರು ತಗ್ಗಿದ ಮೇಲೆ ಒಂದು ದಿನ ಗೊತ್ತುಮಾಡಿ, ಸುತ್ತಿನ ಊರಿನವರೆಲ್ಲ ಸೇರಿ ಒಟ್ಟಿಗೇ ಕೆರೆಗಿಳಿಯುತ್ತಾರೆ. ಅದೇ ಕೆರೆಬೇಟೆ.

ಉಚ್ಚಂಗಪ್ಪನ ತಲೆಯಲ್ಲಿ ದೀಪ ಹತ್ತಿತು. ಮೀನುಗಳು ತಾವಾಗಿಯೇ ಹೊರಗೆ ಬರುತ್ತವೆ! ಏರಿಯ ಮೇಲೆ ಕೂತು ಎಣಿಸಿದರಾಯಿತು!

ಸೋಮವಾರ ಅವನು ಕೊಡೆ, ರಿಜಿಸ್ಟರು, ಕಿವಿಗೆ ಸಿಕ್ಕಿಸಿದ ಎರಡು ಪೆನ್ಸಿಲ್ಲು ಸಮೇತ ಹಿರೇಕೆರೆಯ ಏರಿಯ ಮೇಲೆ ಪ್ರತಿಷ್ಠಾಪನೆಗೊಂಡ. ಸುತ್ತ ನೋಡಿದ. ಕೆರೆಯ ಸುತ್ತ ಒಂದು ಸಾವಿರ ಜನವಾದರೂ ನಿಂತಿದ್ದರು. ಒಬ್ಬೊಬ್ಬರ ಕೈಯಲ್ಲೂ ಒಂದೊಂದು ಕೂಣಿ, ಅಂದರೆ ಬಿದಿರಿನಲ್ಲಿ ಹೆಣೆದ, ತಳವಿಲ್ಲದ, ಮೇಲೆ ಕೈ ತೂರುವಷ್ಟು ಬಾಯಿರುವ ಬುಟ್ಟಿ. ಅದನ್ನು ನೀರಿನಲ್ಲಿ ಕೆಸರಿಗೆ ಒತ್ತಿ, ಒಳಗೆ ಮೀನು ಸಿಕ್ಕಿದರೆ ಮೇಲಿನ ಬಾಯಿಂದ ಕೈ ಹಾಕಿ ಹಿಡಿಯಬೇಕು. ಒಬ್ಬನೂ ಮಾತಾಡುತ್ತಿರಲಿಲ್ಲ. ಕೆರೆಯೂ ಉಸಿರು ಹಿಡಿದಂತಿತ್ತು.

ಹುಲಿಯಮ್ಮನ ಅಪ್ಪ ಹುಚ್ಚರಾಯಪ್ಪ ಊರಿಗೆ ಹಿರಿಯರು. ಅವರು ನೀರಿಗೆ ಕೈಮುಗಿದು ಒಂದು ಕೂಗು ಹಾಕಿದರು.

ಅಬ್ಬಾ! ಆ ಸಾವಿರ ಜನ ಒಟ್ಟಿಗೇ ನೀರಿಗೆ ಬಿದ್ದ ಸದ್ದಿಗೆ ಉಚ್ಚಂಗಪ್ಪನ ಕೊಡೆ ತಾನಾಗಿ ಮುಚ್ಚಿಕೊಂಡಿತು. ಎಲ್ಲಿ ನೋಡಿದರೂ ಕೂಣಿ ಏಳುತ್ತಿದೆ, ಬೀಳುತ್ತಿದೆ, ನಡುವೆ ಬೆಳ್ಳಗೆ ಮೀನು ಚಿಮ್ಮುತ್ತಿದೆ. ಹುಲಿಯಮ್ಮ ಸೀರೆ ಎತ್ತಿ ಕಟ್ಟಿ ಎದೆಮಟ್ಟ ನೀರಿನಲ್ಲಿ ಗಂಡಸರನ್ನು ತಳ್ಳಿಕೊಂಡು ನುಗ್ಗುತ್ತಿದ್ದಳು. ಇವಳೇ ತನಗೆ ದಿನಾ ಕಾಫಿ ಕೊಡುವವಳು ಎಂಬುದನ್ನು ಅವನಿಗೆ ನಂಬಲಾಗಲಿಲ್ಲ.

ಇಷ್ಟರಲ್ಲಿ ತೂಬಿನ ಪಕ್ಕದ ಮಡುವಿನಲ್ಲಿ ಒಂದು ಗದ್ದಲವೆದ್ದಿತು. ಹುಚ್ಚರಾಯಪ್ಪ ಒತ್ತಿಹಿಡಿದಿದ್ದ ಕೂಣಿ ಪಟಪಟನೆ ಸಿಡಿದು ಬಿದಿರಿನ ಸೀಳುಗಳಾಗಿ ತೇಲಿತು. ಮುದುಕರು ಕೆಸರಿನಲ್ಲಿ ಕೂತರು. ಕೂತಲ್ಲೇ ನಗುತ್ತ, "ಗೌಡ! ಗೌಡ ಈ ವರ್ಷಾನೂ ಸಿಗ್ಲಿಲ್ಲ!" ಎಂದು ಕೂಗಿದರು. ಸಾವಿರ ಜನವೂ ಹೋ ಎಂದರು.

"ಗೌಡ ಯಾರು?" ಎಂದು ಮೇಲೆ ಬಂದ ಮಾವನನ್ನು ಉಚ್ಚಂಗಪ್ಪ ಕೇಳಿದ.

"ಬಾಳೆ ಮೀನು, ಅಳಿಯಂದ್ರೇ. ನಮ್ಮಪ್ಪನ ಕಾಲದ್ದು. ಎಷ್ಟು ಬೇಟೆ ಆದ್ರೂ ಸಿಕ್ಕಿಲ್ಲ. ಬರ್ಕೊಳ್ರಿ, ಮೀನು ಒಂದು."

"ನಾನು ನೋಡಿಲ್ಲ ಮಾವ. ಕಣ್ಣಿಗೆ ಕಾಣದ್ದನ್ನ ಸರ್ಕಾರಕ್ಕೆ ಬರೆಯೋಕೆ ಬರಂಗಿಲ್ಲ" ಎಂದ ಉಚ್ಚಂಗಪ್ಪ, ಖಡಾಖಂಡಿತವಾಗಿ.

ಸಂಜೆಯವರೆಗೂ ಏರಿ ಹತ್ತಿ ಬಂದ ಒಬ್ಬೊಬ್ಬರ ಚೀಲವನ್ನೂ ಬಿಚ್ಚಿಸಿ, ಗೀಟು ಎಳೆದು, ಐದೈದರ ಕಟ್ಟು ಮಾಡಿ ಕೂಡಿದ. ಸಾವಿರದ ಎಂಟುನೂರ ಅರವತ್ತೆರಡು! ಅದರಲ್ಲಿ ಎರಡು ಕುಚ್ಚು ಮೀನು ಹುಲಿಯಮ್ಮನ ಪಾಲಿನವು. ಅವುಗಳ ಸಾರನ್ನು ಅಂದು ಅತ್ತೆಯ ಮನೆಯಲ್ಲಿ ಉಂಡು, ಮರುದಿನ ಕಚೇರಿಯಲ್ಲಿ ಹೊಸ ನಿಬ್ಬಿನಿಂದ ಹೀಗೆ ಬರೆದ: "ಸದರಿ ಹಿರೇಕೆರೆಯಲ್ಲಿ ಒಟ್ಟು ೧೮೬೨ ಮೀನುಗಳು ಇರುತ್ತವೆ. ಖುದ್ದು ಎಣಿಸಿದೆ. ಗಾಳದ ಬೇಟೆಗೆ ಅತ್ಯಂತ ಪ್ರಶಸ್ತವಾದ ಕೆರೆ."

ಹದಿನೈದು ದಿನಕ್ಕೆ ಉತ್ತರ ಬಂತು. ಬರೆದವರು ಮೀನುಗಾರಿಕೆ ಇಲಾಖೆಯ ಸಾಹೇಬರು, ಮೈಸೂರು ಕಡೆಯ ಚಂದ್ರಶೇಖರಪ್ಪನವರು. ಉಳಿದೆಲ್ಲ ಕೆರೆಗಳವರು 'ಸುಮಾರು ಸಾವಿರ', 'ಸುಮಾರು ಹತ್ತು ಸಾವಿರ' ಎಂದು ಬರೆದಿರುವಾಗ ಬಿಡಿ ಮೀನಿನವರೆಗೆ ಲೆಕ್ಕ ಕೊಟ್ಟ ಈ ಗುಮಾಸ್ತರನ್ನು ನೋಡಲೇಬೇಕು, ಬರುವ ಭಾನುವಾರ ಗಾಳದ ಸಮೇತ ಖುದ್ದಾಗಿ ಬರುತ್ತೇನೆ, ಅಮಲ್ದಾರರಿಗೂ ತಿಳಿಸಿದ್ದೇನೆ ಎಂದಿದ್ದರು.

ಉಚ್ಚಂಗಪ್ಪ ಕಾಗದವನ್ನು ಹೆಂಡತಿಗೆ ಎರಡು ಸಲ ಓದಿ ಹೇಳಿದ. ಅವಳು ಕೇಳಿದಳು:

"ಅಲ್ರೀ, ನೀವು ಎಣಿಸಿದ್ದು ಯಾವ ಮೀನು?"

"ಕೆರೆ ಮೀನು."

"ಅವು ಈಗ ಎಲ್ಲೈದಾವೆ?"

"ಕೆರೇಲಿ..." ಎಂದವನ ಬಾಯಿ ತೆರೆದದ್ದು ತೆರೆದ ಹಾಗೇ ಉಳಿಯಿತು.

"ಹಿಡ್ದು ಹೊರಗೆ ತಂದ ಮೀನು ಎಣಿಸಿ, ಒಳಗೈತೆ ಅಂತ ಬರ್ದೀರಲ್ರೀ! ಅದ್ರಾಗೆ ಎರಡು ನಿಮ್ಮ ಹೊಟ್ಟೆಗೇ ಹೋದ್ವು. ಬೆರಳು ನೆಕ್ಕಿದ್ರಿ!"

ಉಚ್ಚಂಗಪ್ಪ ಮಣೆಯ ಮೇಲೆ ಕುಸಿದ. ಸುಳ್ಳು ವರದಿ! ಕಾಯಂ ಹೋಗಲಿ, ಇದ್ದ ಹಂಗಾಮಿಯೂ ಹೋಯಿತು! ಸಾವಿರದ ಎಂಟುನೂರ ಅರವತ್ತೆರಡು ಮೀನುಗಳೂ ಕಣ್ಣು ಬಿಟ್ಟುಕೊಂಡು ಅವನನ್ನೇ ನೋಡುತ್ತಿದ್ದವು.

ಮುಳುಗುವವನಿಗೆ ಉಪಾಯ ಹೊಳೆಯದೆ ಇರುತ್ತದೆಯೆ? ಸಾಹೇಬರ ಗಾಳಕ್ಕೆ ಒಂದೆರಡು ಮೀನು ಕಚ್ಚಿದರೆ ಸಾಕು, ಉಳಿದವನ್ನು ಯಾರು ಎಣಿಸುತ್ತಾರೆ! ಶನಿವಾರ ಆನವಟ್ಟಿಗೆ ಓಡಿ, ಮೂರು ಕುಚ್ಚು ಮೀನನ್ನು ಜೀವಸಹಿತ ಹಿತ್ತಾಳೆ ಕೊಡದಲ್ಲಿ ಹಾಕಿಸಿ ಬಸ್ಸು ಹತ್ತಿದ. ಕುಚ್ಚು ಗಟ್ಟಿ ಜೀವ. ಬೊಗಸೆ ನೀರಿದ್ದರೂ ಬದುಕುತ್ತದೆ. ಬದುಕುವುದಷ್ಟೇ ಅಲ್ಲ, ಹಾರುತ್ತದೆ! ಮೊದಲ ತಿರುವಿನಲ್ಲೇ ಒಂದು ಮೀನು ಕೊಡದಿಂದ ಹಾರಿ, ಮುಂದಿನ ಸೀಟಿನಲ್ಲಿ ನಿದ್ದೆ ಹೋಗಿದ್ದ ದಲ್ಲಾಳಿಯೊಬ್ಬರ ಜುಬ್ಬದ ಒಳಗೆ ಇಳಿಯಿತು. ಅವರು ಎದ್ದು ಕುಣಿದ ಕುಣಿತಕ್ಕೆ ಕಂಡಕ್ಟರು ಮೂರು ಸಲ ಸೀಟಿ ಊದಿದ. ಹೇಗೋ ಮೀನು ಕೈಸೇರಿತು, ಬೈಗುಳವೂ ಸೇರಿತು.

ಕೆಂಚಿಕೊಪ್ಪ ಮುಟ್ಟಿದಾಗ ಸಂಜೆಯಾಗಿತ್ತು. ಈಗಲೇ ಕೆರೆಗೆ ಬಿಟ್ಟರೆ ಬೆಳಗಾಗುವುದರೊಳಗೆ ಎಲ್ಲಿ ಅಡಗುತ್ತವೋ! ಸಾಹೇಬರು ಗಾಳ ಹಾಕುವ ಜಾಗದಲ್ಲೇ, ಹಾಕುವ ಹೊತ್ತಿಗೇ ಬಿಡಬೇಕು. ಹೀಗೆಂದು ಮಹಾಲೆಕ್ಕಾಚಾರ ಹಾಕಿ, ಮಾವನ ಮನೆಯ ಬಚ್ಚಲಿಗೆ ಹೋಗಿ, ನೀರು ತುಂಬಿದ್ದ ತಾಮ್ರದ ಹಂಡೆಗೆ ಮೂರನ್ನೂ ಸುರಿದು, ಹಲಗೆ ಮುಚ್ಚಿ, ಮೇಲೆ ಒಂದು ಕಲ್ಲನ್ನೂ ಇಟ್ಟ. ಮೊದಲೇ ತವರಿಗೆ ಬಂದಿದ್ದ ಹೆಂಡತಿಗೆ ಹೇಳಿದ. ಅತ್ತೆಗೆ ಹೇಳಲು ನಾಚಿಕೆಯಾಯಿತು.

ಬೆಳಗಿನ ಜಾವ ಅತ್ತೆ ಶೇಷಮ್ಮ ಎಂದಿನಂತೆ ಎದ್ದು, ಎಂದಿನಂತೆ ಹಂಡೆಯ ಒಲೆಗೆ ಬೆಂಕಿ ಹಾಕಿದರು. ಅಳಿಯಂದಿರು ಬಂದಿದ್ದಾರೆಂದು ಎರಡು ಕುಂಟೆ ಸೌದೆ ಹೆಚ್ಚಿಗೆ ತುರುಕಿದರು. ನೀರು ಮರಳಿದ ಮೇಲೆ ಕಲ್ಲು ತೆಗೆದು, ಹಲಗೆ ಸರಿಸಿ, ಚೊಂಬು ಅದ್ದಿದರು.

"ಅಯ್ಯಯ್ಯೋ! ಹುಲೀ! ಸ್ನಾನದ ನೀರು ಸಾರಾಗೈತೆ ಕಣೇ!"

ಉಚ್ಚಂಗಪ್ಪ ಓಡಿಬಂದ. ಉಪ್ಪು ಖಾರ ಹಾಕುವುದೊಂದೇ ಬಾಕಿಯಿತ್ತು. ಅವನು ಬಚ್ಚಲ ಕಲ್ಲಿನ ಮೇಲೆ ಕೂತು ಎರಡೂ ಕೈ ತಲೆಗೆ ಕೊಟ್ಟ. ಹುಲಿಯಮ್ಮ ನಗಲಿಲ್ಲ. ಬೆಂದ ಮೀನುಗಳನ್ನು ಮೆಲ್ಲಗೆ ಎತ್ತಿ ಒಂದು ಬಾಳೆಲೆಯಲ್ಲಿ ಸುತ್ತಿಟ್ಟಳು.

ಹೊತ್ತೇರುವಾಗ ಜೀಪು ಬಂತು. ಚಂದ್ರಶೇಖರಪ್ಪನವರದು ಸೌಮ್ಯ ಮುಖ, ತಲೆಗೆ ದೊಡ್ಡ ಟೋಪಿ, ಕೈಯಲ್ಲಿ ಗಿರಗಿರ ತಿರುಗುವ ರಾಟೆಯಿದ್ದ ವಿಲಾಯಿತಿ ಗಾಳ. ಊರಿಗೆ ಊರೇ ಏರಿಯ ಮೇಲೆ ನೆರೆದಿತ್ತು. ಬೇಟೆ ಮುಗಿದ ಕೆರೆ, ಸರ್ಕಾರದ ಗಾಳ; ಯಾರೂ ಅಡ್ಡಿ ಮಾಡಲಿಲ್ಲ.

"ಸಾವಿರದ ಎಂಟುನೂರ ಅರವತ್ತೆರಡು! ಹೇಗ್ರೀ ಎಣಿಸಿದಿರಿ?" ಎಂದು ಅವರು ಉಚ್ಚಂಗಪ್ಪನ ಕೈ ಕುಲುಕಿದರು.

ಸಾಹೇಬರು ಹಿಟ್ಟಿನ ಉಂಡೆ ಸಿಕ್ಕಿಸಿ ಗಾಳ ಎಸೆದು ಕೂತರು. ಒಂದು ಗಂಟೆಯಾಯಿತು. ಎರಡಾಯಿತು. ಒಂದು ಕಪ್ಪೆ ಬಂದು ನೋಡಿಕೊಂಡು ಹೋಯಿತು. ಸಾಹೇಬರ ಹುಬ್ಬು ಗಂಟಾಗತೊಡಗಿತು. ಆಗ ಹುಲಿಯಮ್ಮ ಸೆರಗು ಸರಿಮಾಡಿಕೊಂಡು ಮುಂದೆ ಬಂದಳು.

"ಸಾಹೇಬ್ರೇ, ಹಿಟ್ಟು ತಿನ್ನೋ ಮೀನಲ್ಲ ಈಗ ಕೆರೇಲಿರೋದು. ಇದನ್ನ ಕಟ್ಟಿ ತೂಬಿನ ಮಡುವಿಗೆ ಎಸೀರಿ." ಎಲೆ ಬಿಚ್ಚಿದಳು. ಸಾಹೇಬರು ಆಶ್ಚರ್ಯದಿಂದ ನೋಡಿ, ಬೆಂದ ಕುಚ್ಚನ್ನು ದಾರದಲ್ಲಿ ಬಿಗಿದು ಎಸೆದರು.

ಉಚ್ಚಂಗಪ್ಪನಿಗೆ ಇನ್ನು ತಡೆಯಲಾಗಲಿಲ್ಲ. "ಸಾರ್, ನಾನು ಎಣಿಸಿದ ಮೀನು..." ಎಂದು ಬಾಯಿ ತೆರೆದ.

ರಾಟೆ ಕಿರ್ರೆಂದು ಕಿರುಚಿತು! ಸಾಹೇಬರು ಎರಡು ಹೆಜ್ಜೆ ನೀರಿನೊಳಗೆ ಹೋದರು. ನಾಲ್ಕು ಹೆಜ್ಜೆ ಹೋದರು. ಸೊಂಟದವರೆಗೂ ಹೋದರು. ಟೋಪಿ ತೇಲಿತು. ಆಗ ಮಡುವಿನ ನೀರು ಉಬ್ಬಿ ಸೀಳಿತು, ಗೌಡ ಮೇಲೆ ಬಂದ.

ಆಳುದ್ದದ ಮೀನು! ಬೆಳ್ಳಿಯಂಥ ಮೈ, ಬೆನ್ನ ಮೇಲೆ ಹಸಿರು ಪಾಚಿ, ಮೊಳದುದ್ದ ಬಾಯಿ, ಬಾಯಿಯ ಎರಡೂ ಕಡೆ ನೀಳವಾದ ಮೀಸೆ. ಒಂದು ಗಳಿಗೆ ಪೂರ್ತಿ ನೀರಿನ ಮೇಲೆ ನಿಂತು ಬಿಸಿಲಿನಲ್ಲಿ ಹೊಳೆಯಿತು. ಉಚ್ಚಂಗಪ್ಪನ ಕೈ ತಾನಾಗಿ ಮುಗಿಯಿತು. ಮೂರು ತಲೆಮಾರಿನ ಬೇಟೆಯನ್ನು ತಪ್ಪಿಸಿಕೊಂಡ ಜೀವದ ಮುಂದೆ ತನ್ನ ಕಾಯಂ ಎಷ್ಟು ಸಣ್ಣದೆಂದು ಅವನಿಗೆ ನಿಜಕ್ಕೂ ಅನಿಸಿತು. ಮರುಕ್ಷಣ ಗೌಡ ಗಾಳವನ್ನು ಕೋಲು ರಾಟೆ ಸಮೇತ ಕಿತ್ತುಕೊಂಡು ಮಡುವಿಗೆ ಇಳಿದುಹೋದ.

ಸಾಹೇಬರು ಬರಿಗೈಯಲ್ಲಿ, ಸೊಂಟಮಟ್ಟ ನೀರಿನಲ್ಲಿ ನಿಂತಿದ್ದರು. ಅಲ್ಲಿಂದಲೇ ಮೆಲುದನಿಯಲ್ಲಿ ಕೇಳಿದರು: "ಇದೂ ಆ ಲೆಕ್ಕದಲ್ಲಿ ಸೇರಿದೆಯೇನ್ರೀ?"

"ಇಲ್ಲ ಸಾರ್. ಎಣಿಸಿದ್ದನ್ನೆಲ್ಲ ಕೆರೆಬೇಟೇಲಿ ಹಿಡಿದು ತಿಂದಾಯ್ತು. ಎಣಿಸದೆ ಬಿಟ್ಟದ್ದು ಇದೊಂದೇ. ತಪ್ಪಾಯ್ತು, ಸಾರ್."

ಸಾಹೇಬರು ಅವನನ್ನು ನೋಡಿದರು, ಕೆರೆಯನ್ನು ನೋಡಿದರು, ಆಮೇಲೆ ಶುರುವಾದ ಅವರ ನಗು ಜೀಪು ಹತ್ತುವವರೆಗೂ ನಿಲ್ಲಲಿಲ್ಲ. ಜೀಪಿನಲ್ಲೇ ವರದಿಯನ್ನು ತೆಗೆದು, ೧೮೬೨ನ್ನು ಹೊಡೆದುಹಾಕಿ '೧' ಎಂದು ಬರೆದರು. ಗಾಳದ ಬೇಟೆಗೆ ಅವಕಾಶ ಎಂಬಲ್ಲಿ, 'ಇದೆ, ಮೀನಿಗೆ ಮಾತ್ರ' ಎಂದು ಬರೆದು ಸಹಿ ಹಾಕಿದರು.

ಕಾಯಂ ಆಯಿತೇ ಎಂದು ಕೇಳುತ್ತೀರಿ. ಆಯಿತು! ತಪ್ಪನ್ನು ಬಾಯಿಬಿಟ್ಟು ಒಪ್ಪಿಕೊಂಡ ಗುಮಾಸ್ತನನ್ನು ತಾವು ಇದೇ ಮೊದಲು ಕಂಡದ್ದೆಂದು ಸಾಹೇಬರು ಅಮಲ್ದಾರರಿಗೆ ಹೇಳಿದರಂತೆ. ಜೊತೆಗೆ ಒಂದು ಹುಕುಂ ಬಂತು: ಮಳೆಗಾಲದಲ್ಲಿ ಹಿರೇಕೆರೆಗೆ ಐದು ಸಾವಿರ ಮೀನಿನ ಮರಿ ಬಿಡಲಾಗುವುದು, ಉಚ್ಚಂಗಪ್ಪನವರೇ ನಿಂತು ಎಣಿಸತಕ್ಕದ್ದು, ಈ ಸಲ ಒಳಗೆ ಹೋಗುವಾಗ!

ಶ್ರಾವಣದ ಒಂದು ಬೆಳಿಗ್ಗೆ ಅವನು ಅದೇ ಕೊಡೆಯಡಿ, ಅದೇ ರಿಜಿಸ್ಟರಿನಲ್ಲಿ ಗೀಟೆಳೆಯುತ್ತ ಚೊಂಬು ಚೊಂಬಾಗಿ ಮರಿ ಬಿಡಿಸುತ್ತಿದ್ದ. ಮೂರು ಸಾವಿರ ದಾಟಿತ್ತು. ತಾನೂ ಮನುಷ್ಯನಾದೆ ಎಂಬ ಗತ್ತು ಮುಖದ ಮೇಲೆ ಮೂಡುತ್ತಿತ್ತು. ಅಷ್ಟರಲ್ಲಿ ತೂಬಿನ ಕಡೆಯಿಂದ ನೀರಿನ ಮೇಲೆ ಒಂದು ಉದ್ದನೆಯ ಗೆರೆ ನಿಧಾನವಾಗಿ ಇತ್ತಲೇ ಬಂತು. ಗೆರೆಯ ತುದಿಯಲ್ಲಿ ಎರಡು ಮೀಸೆ ಕಂಡವು. ಮೊಳದುದ್ದ ಬಾಯಿ ತೆರೆಯಿತು, ಮುಚ್ಚಿತು.

"ರೀ, ಗೌಡ ಬಂದ!" ಎಂದು ಕೂಗಿದಳು ಹುಲಿಯಮ್ಮ. "ಎಷ್ಟು ನುಂಗಿದ ಅಂತ ಕೇಳಿ ಕಳೆದುಬಿಡ್ರಿ!"

ಉಚ್ಚಂಗಪ್ಪ ಗೀಟೆಳೆಯುವುದನ್ನು ನಿಲ್ಲಿಸಿದ. ಕೆರೆಗೆ ಒಮ್ಮೆ ಕೈಮುಗಿದ. ಪೆನ್ಸಿಲ್ಲಿನ ತುದಿಯನ್ನು ನಾಲಿಗೆಗೆ ತಾಗಿಸಿ, ಮೀನುಗಳ ಸಂಖ್ಯೆ ಎಂಬಲ್ಲಿ ದುಂಡಗೆ ಬರೆದ: 'ಸುಮಾರು'.