ಫ್ರೇಮಿನಲ್ಲಿ ಒಬ್ಬರೇ ಇರಬೇಕು

ಐವತ್ತರ ಹೊಸ್ತಿಲಲ್ಲಿ ಗಂಡಸರಿಗೆ ಒಂದಲ್ಲ ಒಂದು ಹುಚ್ಚು ಹಿಡಿಯುತ್ತದೆ. ಕೆಲವರು ವಾಕಿಂಗ್ ಹೋಗುತ್ತಾರೆ, ಕೆಲವರು ತಲೆಗೆ ಬಣ್ಣ ಹಚ್ಚುತ್ತಾರೆ. ನಾನು ಎರಡರಲ್ಲೂ ಸೋತು ಹೊಸಪೇಟೆಯ ಭಾನುವಾರದ ಫೋಟೋಗ್ರಫಿ ಕ್ಲಾಸಿಗೆ ಸೇರಿದೆ. ಪಾತ್ರೆ ಅಂಗಡಿಯವನಿಗೆ ಕ್ಯಾಮೆರಾ ಯಾಕೆಂದು ಹೆಂಡತಿ ಕೇಳಿದಳು. ಇಪ್ಪತ್ತು ವರ್ಷ ಹೊಳೆಯುವ ಸ್ಟೀಲಿನ ನಡುವೆ ಕೂತವನಿಗೆ ಬೆಳಕು ಹೊಸದಲ್ಲ ಎಂದೆ. ಆ ಜಂಬ ಮೊದಲ ದಿನವೇ ಇಳಿಯಿತು. ಮಗಳ ವಯಸ್ಸಿನ ಟೀಚರು, "ಹಂಪಿ ಕಲ್ಲು ಯಾರೂ ತರಬ್ಯಾಡ್ರಿ, ನೋಡಿ ನೋಡಿ ಸಾಕಾಗೇತಿ. ಮನ್ಯಾಗಿನ ಒಬ್ಬರದು ತೆಗೀರಿ. ಫ್ರೇಮಿನ್ಯಾಗ ಒಬ್ಬರ ಇರಬೇಕು" ಎಂದಳು. ನಾನಾಗಲೇ ಕಲ್ಲಿನ ರಥವನ್ನು ನಲವತ್ತು ಸಲ ತೆಗೆದಿದ್ದೆ.

ಅವ್ವನನ್ನು ಕೇಳಿದೆ. "ಒಬ್ಬಾಕಿದು ಬ್ಯಾಡಪಾ" ಎಂದಳು. ಒಬ್ಬರೇ ಇರುವ ಫೋಟೋ ಎಂದರೆ ಹಾರಕ್ಕೆ ತಯಾರಿ ಎಂದು ನಮ್ಮ ಹಿರಿಯರಿಗೆ ಅನುಮಾನ. ಅದೇ ಇರಬೇಕೆಂದುಕೊಂಡು ಕದ್ದು ತೆಗೆಯಲು ಹೊರಟೆ. ಅಕ್ಕಿ ಹಸನು ಮಾಡುವಾಗ ಬಾಗಿಲ ಸಂದಿಯಿಂದ ಇಣುಕಿದರೆ ಪಕ್ಕದ ಮನೆಯ ಶಾಂತಕ್ಕನನ್ನು ಕರೆದು ಕೂರಿಸಿಕೊಂಡಳು. ಹಿತ್ತಲಿನಲ್ಲಿ ಕಾದರೆ ಬೆಕ್ಕನ್ನು ಎತ್ತಿಕೊಂಡಳು. ಕೊನೆಗೆ ರೇಗಿ, "ಫೋಟೋ ತೆಗೆದ್ರ ಯಾರೂ ಸಾಯಂಗಿಲ್ಲವ್ವಾ" ಎಂದೆ.

"ಸಾಯಾಕ ಯಾರು ಅಂಜ್ಯಾರ?" ಎಂದು ಗೋಡೆ ಕಡೆ ಕೈ ಮಾಡಿದಳು. "ಒಮ್ಮೆ ನನ್ನ ಕತ್ತರಿಸಿ ಒಗದೀಯಲ್ಲ, ಈಗ ಒಬ್ಬಾಕೀದು ಏನ್ ತೆಗೀತಿ?"

ಗೋಡೆಯ ಮೇಲೆ ಹಾರ ಹಾಕಿಸಿಕೊಂಡು ಅಪ್ಪ ನಗುತ್ತಿದ್ದ. ಅವರಿಬ್ಬರೂ ಜೊತೆಗಿದ್ದದ್ದು ಒಂದೇ ಒಂದು ಫೋಟೋ, ತುಂಗಭದ್ರಾ ಡ್ಯಾಮಿನ ಮುಂದೆ ನಿಂತದ್ದು. ಅಪ್ಪ ಹೋದ ದಿನ ಹಾರಕ್ಕೊಂದು ಫೋಟೋ ಬೇಕೆಂದು ಅದನ್ನೇ ಹಿಡಿದು ಸ್ಟುಡಿಯೋಗೆ ಓಡಿದ್ದೆ. ಬದುಕಿರುವವರು ಅದರಲ್ಲಿ ಇರಬಾರದಲ್ಲ, ಜಲ್ದಿ ಕತ್ತರಿಸಿ ಎಂದವನು ನಾನೇ. ಮೂಲ ಫೋಟೋ ಅಲ್ಲೇ ಮರೆತೆ. ಆ ಸ್ಟುಡಿಯೋ ಜಾಗದಲ್ಲಿ ಈಗ ಮೊಬೈಲ್ ಅಂಗಡಿಯಿದೆ. ಅಪ್ಪನ ಮೊಣಕೈ ಹತ್ತಿರ ಒಂದು ಚೂರು ಹಸಿರು ಮಾತ್ರ ಉಳಿದಿದೆ. ಹನ್ನೆರಡು ವರ್ಷ ಅದನ್ನು ಯಾವುದೋ ಗಿಡದ ಎಲೆ ಎಂದುಕೊಂಡಿದ್ದೆ. ಅದು ಅವ್ವನ ಸೆರಗಂತೆ, ಈಗ ಅವಳೇ ಹೇಳಿದಳು. ದಿನಾ ವಿಭೂತಿ ಹಚ್ಚುವಾಗ ಅವಳು ಆ ಮೂಲೆಯನ್ನು ಒಂದು ಸಲ ಹೆಚ್ಚಿಗೆ ಒರೆಸುವುದನ್ನು ಕಂಡು, ಧೂಳಿರಬೇಕು ಎಂದುಕೊಂಡ ಜಾಣ ನಾನು. ಆ ಇಡೀ ಫೋಟೋ ಇನ್ನೊಮ್ಮೆ ಕೈಗೆ ಸಿಕ್ಕರೆ ಸಾಕು ಎನಿಸಿತು.

"ಅಪ್ಪನ ಮಗ್ಗಲ ನಿಂದ್ರವ್ವ" ಎಂದೆ.

ಅವ್ವ ಉಟ್ಟ ಸೀರೆಯ ಸೆರಗು ನೋಡಿಕೊಂಡು, "ಹಸರು ಸೀರಿ ಉಡಲೇನು? ಯಾರರ ಏನರ ಅಂದಾರು" ಎಂದಳು.

"ಯಾರೂ ಅನ್ನಂಗಿಲ್ಲ. ಉಟ್ಕೊಂಡು ಬಾ."

ಉಟ್ಟು ಬಂದು, ಸೆರಗಿನ ಚೂರು ಉಳಿದಿದ್ದ ಕಡೆಗೆ ನಿಂತಳು. ನಾನು ಹೇಳದೆಯೇ ಅಪ್ಪನತ್ತ ಒಂದಿಷ್ಟು ಸರಿದಳು. ಒಂದೇ ಸಲ ಒತ್ತಿದೆ.

ಮುಂದಿನ ಭಾನುವಾರ ಟೀಚರು ಬಹಳ ಹೊತ್ತು ನೋಡಿದಳು. "ಬೆಳಕು ಮಸ್ತ್ ಬಂದೈತ್ರಿ ಅಂಕಲ್. ಆದ್ರ ಒಬ್ಬರದು ಅಂದಿದ್ನಲ್ರಿ? ಗ್ವಾಡಿ ಮ್ಯಾಲಿಂದು ಕತ್ತರಿಸಿ ಕೊಡ್ರಿ, ಪಾಸ್ ಮಾಡ್ತೀನಿ" ಎಂದಳು.

ಕ್ಲಾಸಿನಲ್ಲಿ ಎಲ್ಲದಕ್ಕೂ ನಾನು ಹೊಸಬನೇ, ಕತ್ತರಿಸುವುದೊಂದನ್ನು ಬಿಟ್ಟು. ಆ ಪರೀಕ್ಷೆ ಹನ್ನೆರಡು ವರ್ಷದ ಹಿಂದೆಯೇ ಪಾಸಾದವನು. ಅದಕ್ಕೇ ಈ ಸಲ ಫೇಲಾಗಿ ಮನೆಗೆ ಬಂದೆ.