ನೆರಿಗೆ ಲಂಗದ ಕಂದು ಕಲೆ

ಅಂಗೈಯಗಲದ ಒಂದು ಕಂದು ಕಲೆ ನೂಲಪ್ಪನವರ ನೆಮ್ಮದಿಗೆ ಕನ್ನ ಹಾಕಿತು.

ವಸ್ತುಸಂಗ್ರಹಾಲಯದ ಬಟ್ಟೆ ವಿಭಾಗ ನೋಡಿಕೊಳ್ಳುವ ಅವರಿಗೆ ನಿಜವಾದ ಹೆಸರೂ ಒಂದಿತ್ತು. ಅದು ಹಾಜರಿ ಪುಸ್ತಕಕ್ಕೆ ಮಾತ್ರ ಗೊತ್ತು. ಕಂಡ ಬಟ್ಟೆಯ ಎಳೆ ಎಣಿಸುವ ಚಟಕ್ಕೆ ಜೊತೆಯವರು ಇಟ್ಟ ಹೆಸರು ನೂಲಪ್ಪ. ಆ ಸೀಮೆಯ ಹೆಂಗಸರು ಒಂದು ಕಾಲಕ್ಕೆ ತೊಡುತ್ತಿದ್ದ ನೆರಿಗೆ ಲಂಗ, ನೂರು ವರ್ಷದ್ದು, ಹೋದ ವಾರ ಒಬ್ಬ ಅಜ್ಜಿಯ ಮನೆಯಿಂದ ದಾನವಾಗಿ ಬಂದಿತ್ತು, ಆ ಕಲೆಯ ಸಮೇತ. ಅಂದು ಸಂಜೆ ನಾಲ್ಕಕ್ಕೆ ಅದರ ಪ್ರದರ್ಶನ. ಜನ ಮೆಚ್ಚದಿದ್ದರೆ ನೂಲಪ್ಪನವರ ಕೋಣೆಯನ್ನು ಪಕ್ಕದ ಪ್ರಾಣಿ ವಿಭಾಗಕ್ಕೆ, ಅಂದರೆ ಹುಲ್ಲು ತುಂಬಿದ ಕರಡಿ, ನರಿಗಳಿಗೆ, ಕೊಡುವುದಾಗಿ ನಿರ್ದೇಶಕರು ಹೇಳಿಬಿಟ್ಟಿದ್ದರು.

ಬೆಳಿಗ್ಗೆಯೇ ಕಸ ಗುಡಿಸುವ ಅಕ್ಕ ಸೋಪು ಹಿಡಿದು ಬಂದರು.

“ಸಾರ್, ಐದು ನಿಮಿಷ ಕೊಡಿ. ಎರಡು ಸಲ ಕುಕ್ಕಿದ್ರೆ ಕಲೆ ಹೋಗತ್ತೆ.”

“ಕಲೆ ಜೊತೆ ಲಂಗಾನೂ ಹೋಗತ್ತೆ ಅಕ್ಕ! ಇಷ್ಟು ಹಳೇ ಬಟ್ಟೆಗೆ ನೀರು ತೋರಿಸೋ ಹಾಗಿಲ್ಲ.”

“ನೀರೇ ಕಾಣದ ಬಟ್ಟೆ ನೋಡೋಕೆ ಜನ ಬರ್ತಾರಾ? ಹಾಗಾದ್ರೆ ನಮ್ಮನೆಯವರ ಬನೀನು ತಂದುಕೊಡ್ಲಾ?”

ಹನ್ನೊಂದಕ್ಕೆ ಪ್ರಾಣಿ ವಿಭಾಗದವರು ಅಳತೆ ಟೇಪು ತಂದು ಗೋಡೆ ಅಳೆಯತೊಡಗಿದರು.

“ಸುಮ್ನೆ ನೋಡ್ತಿದೀನಿ ಕಣ್ರೀ. ಕರಡಿ ಇಲ್ಲಿ ನಿಂತ್ರೆ ಲಕ್ಷಣವಾಗಿರತ್ತೆ. ಅಲ್ಲಾ, ಆ ಕಲೇನ ಗೋಡೆ ಕಡೆ ತಿರುಗಿಸಬಾರದಾ?”

“ಇದ್ದದ್ದು ಇದ್ದ ಹಾಗೇ ತೋರಿಸ್ತೀನಿ! ಬೇಕಾದ್ರೆ ನಿಮ್ಮ ಕರಡಿ ತಿರುಗಲಿ ಗೋಡೆ ಕಡೆ.”

ನೂಲಪ್ಪ ಮೊಟ್ಟೆಗೆ ಕಾವು ಕೂತ ಕೋಳಿಯ ಹಾಗೆ ಲಂಗದ ಪಕ್ಕ ಕೂತುಬಿಟ್ಟರು. ಊಟಕ್ಕೂ ಏಳಲಿಲ್ಲ.

ಮಧ್ಯಾಹ್ನ ನಿರ್ದೇಶಕರೇ ಬಂದರು. “ಒಂದೋ ತೊಳೀರಿ, ಇಲ್ಲಾ ಯಾಕೆ ತೊಳೀಬಾರದು ಅಂತ ಚೀಟೀಲಿ ಬರೆದು ಅಂಟಿಸಿ.”

ನೂಲಪ್ಪ ಭೂತಗನ್ನಡಿ ಹಿಡಿದು ಒಂದು ಗಂಟೆ ಕಲೆಯನ್ನು ದಿಟ್ಟಿಸಿದರು. ಕಲೆ ಏನೂ ಬಾಯಿ ಬಿಡಲಿಲ್ಲ. ಕೊನೆಗೆ ಅವರೇ ಊಹಿಸಿ ಅದರ ಪರವಾಗಿ ಬರೆದರು: ‘ನೂರು ವರ್ಷದ ಹಿಂದೆ ಮರದ ತೊಗಟೆ ಕುದಿಸಿ ತೆಗೆದ ಬಣ್ಣ. ಈ ವಿದ್ಯೆ ಈಗ ಯಾರಿಗೂ ತಿಳಿಯದು.’

ನಾಲ್ಕಕ್ಕೆ ಬಾಗಿಲು ತೆರೆಯಿತು. ಚೀಟಿ ಓದಿದವರೆಲ್ಲ ಲಂಗ ಬಿಟ್ಟು ಕಲೆಗೆ ಮುತ್ತಿದರು. ಪತ್ರಿಕೆಯವರು ಕಲೆಯದೇ ಫೋಟೋ ತೆಗೆದರು. ಆ ಕಟ್ಟಡದಲ್ಲಿ ಜನ ಕಲೆಯನ್ನು ಗುರುತಿಸಿದ್ದು ಅದೇ ಮೊದಲು. ಪ್ರಾಣಿ ವಿಭಾಗದವರು ಟೇಪು ಸುತ್ತಿ ಜೇಬಿಗೆ ಹಾಕಿಕೊಂಡರು.

ಅಷ್ಟರಲ್ಲಿ ಲಂಗ ಕೊಟ್ಟ ಅಜ್ಜಿ ಸೊಸೆಯ ಜೊತೆ ಬಂದರು. ಚೀಟಿ ಓದಿದ ಕೂಡಲೇ ಅಜ್ಜಿ ನೂಲಪ್ಪನವರ ತೋಳು ಹಿಡಿದು ಮೂಲೆಗೆ ಎಳೆದರು.

“ತೊಗಟೆ ಅಲ್ಲ ಕಣಪ್ಪ, ಟೀ. ಹೋದ ವಾರ ಲಂಗ ಮಡಚ್ತಾ ಕದ್ದು ಕುಡೀತಿದ್ದೆ. ಸೊಸೆ ಬಂದ್ಲು, ಗಾಬರೀಲಿ ಚೆಲ್ತು.”

ನೂಲಪ್ಪನವರ ಮುಖ ಲಂಗಕ್ಕಿಂತ ಹಳೆಯದಾಯಿತು. ಆದರೂ ಜೇಬಿನಿಂದ ಪೆನ್ನು ತೆಗೆದರು. “ಸುಳ್ಳು ಚೀಟಿ ಇಡಲ್ಲ ಅಜ್ಜಿ. ಈಗಲೇ ತಿದ್ತೀನಿ.”

“ಅಯ್ಯೋ, ನಂಗೆ ಸಕ್ಕರೆ ಕಾಯಿಲೆ! ಟೀ ಅಂತ ಓದಿದ್ರೆ ಸೊಸೆ ನನ್ನನ್ನೇ ಗಾಜಿನ ಪೆಟ್ಟಿಗೇಲಿ ಇಡ್ತಾಳೆ.”

ಹಿಂದಿನಿಂದ ನಿರ್ದೇಶಕರು ಬೆನ್ನು ತಟ್ಟಿದರು. “ಭೇಷ್ ಕಣ್ರೀ! ಮುಂದಿನ ತಿಂಗಳು ಬರೀ ತೊಗಟೆ ಬಣ್ಣದ್ದೇ ಪ್ರದರ್ಶನ ಅಂತ ಪತ್ರಿಕೆಯವರಿಗೆ ಹೇಳಿಬಿಟ್ಟೆ. ಇಂಥವೇ ಇನ್ನೂ ಹತ್ತು ಲಂಗ ಹುಡುಕಿ. ಸಿಗಲಿಲ್ವೋ, ಕೋಣೆ ಪಕ್ಕದವರಿಗೆ.”

ನೂಲಪ್ಪ ಗೋಡೆಗೆ ಒರಗಿದರು. ಸೊಸೆ ಅತ್ತ ತಿರುಗಿದ್ದನ್ನು ನೋಡಿಕೊಂಡು ಅಜ್ಜಿ ಅವರ ಕಿವಿಗೆ ಬಾಗಿದರು.

“ಹತ್ತು ತಾನೆ? ಲಂಗ ನೀನು ತಾ, ಕಲೆ ನಂಗೆ ಬಿಡು. ಸಕ್ಕರೆ ಮಾತ್ರ ಸ್ವಲ್ಪ ಜಾಸ್ತಿ ಇರಲಿ.”